ಸುಣ್ಣ ಬಳಿದ ಬೇವು

ಗಾಳಿ ಎದ್ದ ದಿನ ನನಗೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ. ಅಂಗಳಕ್ಕೆ ಹೋಗಿ ಮರ ನೋಡಿ ಬರುತ್ತೇನೆ, ಒಲೆ ಹೊತ್ತಿಸುತ್ತೇನೆ, ಮತ್ತೆ ಹೋಗಿ ನೋಡುತ್ತೇನೆ. ಮನೆಮಂದಿ ನಗುತ್ತಾರೆ. ನಗಲಿ. ಎಪ್ಪತ್ತರ ದಶಕವನ್ನು ನಾನು ಕಳೆದದ್ದೇ ತಲೆ ಎತ್ತಿ ಮರ ನೋಡುತ್ತ. ಕತ್ತಿನ ನೋವು ಆಗ ಬಂದದ್ದು, ಇನ್ನೂ ಹೋಗಿಲ್ಲ.

ನಮ್ಮ ಯಜಮಾನರದು ಮರದ ಟೊಂಗೆ ಕಡಿಯುವ ಕೆಲಸ. ವಿಜಾಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯ ಹುಣಸೆಗಳು, ಹೊನವಾಡದ ಹೊಲದ ಬದುವಿನ ಜಾಲಿ, ಬಬಲೇಶ್ವರದ ಮನೆಗಳ ಮೇಲೆ ಬಾಗಿದ ಬೇವು, ಹೀಗೆ ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದೆವು. ಅವರು ಮೇಲೆ, ನಾನು ಕೆಳಗೆ. ಅವರ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನ ಗಟ್ಟಿ ಕವಲೊಂದನ್ನು ಬಳಸಿ ಕೆಳಗೆ ನನ್ನ ಕೈಗೆ ಇಳಿಯುತ್ತಿತ್ತು. ಅವರು ಸರಿದಂತೆ ನಾನು ಹಗ್ಗ ಬಿಡಬೇಕು, ಜಾರಿದರೆ ತಡೆದು ಹಿಡಿಯಬೇಕು. ಬೇರೆ ಯಾರ ಕೈಗೂ ಅವರು ಆ ಹಗ್ಗ ಕೊಟ್ಟವರಲ್ಲ. "ಹೆಂಗಸಿನ ಕೈಯಾಗ ಜೀವಾ ಕೊಟ್ಟು ಮ್ಯಾಲ ಏರತಾನ ನೋಡಲೇ" ಎಂದು ಊರೂರಲ್ಲಿ ಆಡಿಕೊಳ್ಳುತ್ತಿದ್ದರು. ಅದಕ್ಕೆ ಅವರದು ಒಂದೇ ಉತ್ತರ: "ಕೆಳಗೂ ಆಕಿ ಕೈಯಾಗ ಐತ್ರಿ."

ಈ ಕೆಲಸಕ್ಕೆ ನಾನು ಒಗ್ಗಿದ್ದು ನಮ್ಮ ಅಬ್ಬಾನಿಂದ. ಅವರು ರೈಲ್ವೆ ಗ್ಯಾಂಗಿನಲ್ಲಿ ಆಳುಗಳ ಮೇಲಿನ ಮುಕಾದಮರು. ಇಬ್ರಾಹಿಂಪುರದ ನಮ್ಮ ತವರಿನಲ್ಲಿ ಗಾಡಿ ಬರುವ ಹೊತ್ತಿಗೆ ಏಳಬೇಕು, ಗಾಡಿ ಹೋಗುವ ಹೊತ್ತಿಗೆ ಉಣ್ಣಬೇಕು. ಸುತ್ತಿಗೆ ಇಟ್ಟಲ್ಲಿ ಇರದಿದ್ದರೆ ಅದು ಸಿಗುವ ತನಕ ಯಾರಿಗೂ ತಾಟು ಇಲ್ಲ. ಮದುವೆಯಾಗಿ ಬಂದ ಮೇಲೆ ಅದೇ ಶಿಸ್ತನ್ನು ಗಂಡನ ಕೊಡಲಿ, ಗರಗಸ, ಹಗ್ಗಗಳಿಗೆ ಹಚ್ಚಿದೆ. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಮರದ ಹತ್ತಿರ ಕನ್ನಡವೇ ಆಗಬೇಕೆಂದು ನಾನೇ ಹಟ ಹಿಡಿದಿದ್ದೆ. ಮೇಲಿನಿಂದ "ಸರೀರಿ" ಎಂದು ಕೂಗಿದರೆ ಕೆಳಗೆ ನಿಂತವರಿಗೆಲ್ಲ ತಿಳಿಯಬೇಕಲ್ಲ.

ಇನ್ನೊಂದು ಕಟ್ಟಳೆ ಇಬ್ಬರದೂ ಆಗಿತ್ತು. ಬುಡದಲ್ಲಿ ಅಣಬೆ ಎದ್ದ ಮರವನ್ನು ಹತ್ತುವುದಿಲ್ಲ. ತಿಪ್ಪೆಯ ಮೇಲೆ ಕೊಡೆ ಬಿಚ್ಚುವ ಅಣಬೆಯಲ್ಲ ಇದು. ಮರಕ್ಕೇ ಅಂಟಿಕೊಂಡು ಹಂಚಿನಂತೆ ಅಡ್ಡ ಬೆಳೆಯುವುದು, ಕಂದು ಬಣ್ಣದ್ದು, ಮೇಲೆ ಅರಗು ಸವರಿದ ಹಾಗೆ ಹೊಳೆಯುವುದು. ಅದು ಹೊರಗೆ ಕಾಣಿಸುವ ಹೊತ್ತಿಗೆ ಒಳಗಿನ ಕಟ್ಟಿಗೆ ಮೆತ್ತಗಾಗಿ ಎಷ್ಟೋ ಕಾಲವಾಗಿರುತ್ತದೆ. ಹೊರಗಿನ ಒಂದು ಸುತ್ತು ಗಟ್ಟಿಯಿದ್ದರೆ ಸಾಕು, ಎಲೆ ಹಸಿರಾಗಿಯೇ ಇರುತ್ತದೆ. ಜನ ಎಲೆ ನೋಡಿ ನಂಬುತ್ತಾರೆ.

ಆ ದಿನ ಹೋದದ್ದು ಬಬಲೇಶ್ವರದ ಒಬ್ಬ ಗೌಡರ ಮನೆಗೆ. ಮಗಳ ಮದುವೆ ಹತ್ತಿರ ಬಂದಿತ್ತು. ಅಂಗಳದಲ್ಲಿ ದೊಡ್ಡ ಬೇವು, ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯೊಳಗೆ ಮಣ್ಣು ತುಂಬಿ, ಕಾಂಡದ ಬುಡವೇ ಹೂತುಹೋಗಿತ್ತು. ಒಂದು ಟೊಂಗೆ ಮನೆಯ ಮಾಳಿಗೆಯ ಮೇಲೆ ಚಾಚಿತ್ತು. ಹಂದರ ಹಾಕಲು ಅದು ಅಡ್ಡ. ಅದನ್ನಷ್ಟೇ ತೆಗೆಯಬೇಕು. ಮರಕ್ಕೆ ಆಳೆತ್ತರ ಸುಣ್ಣ, ನಡುವೆ ಕೆಮ್ಮಣ್ಣಿನ ಪಟ್ಟಿ. ಯಜಮಾನರು ಎಂದಿನಂತೆ ಕೊಡಲಿಯ ಹಿಂಬದಿಯಿಂದ ಕಾಂಡ ಬಡಿದು ಆಲಿಸಿದರು. ಸದ್ದು ಗಟ್ಟಿಯಿತ್ತು. ಏರಿದರು. ಟೊಂಗೆಗೆ ಬೇರೆ ಹಗ್ಗ ಕಟ್ಟಿ ಅದರ ತುದಿಯನ್ನು ಅಂಗಳಕ್ಕೆ ಇಳಿಬಿಟ್ಟು ಗರಗಸ ಹಚ್ಚಿದರು.

ಗಾಳಿ ಇತ್ತು. ಹೆಚ್ಚಲ್ಲ, ಆದರೆ ಬಿಡದ ಗಾಳಿ. ಗೌಡರ ಹೆಂಡತಿ ಎಲೆ ಅಡಿಕೆ ಮೆಲ್ಲುತ್ತ ಹತ್ತಿರ ಬಂದು ನಿಂತರು.

"ಸುಣ್ಣಾ ಚಂದ ಕುಂತೈತಿ ನೋಡ್ರಿ ಅವ್ವಾರ" ಎಂದೆ, ಸುಮ್ಮನೆ ಮಾತಿಗೆ.

"ಮದುವಿ ಮನಿ ಅಂದಮ್ಯಾಲ ಮರಾನೂ ಸ್ವಚ್ಛ ಇರಬೇಕಲ್ಲಬೇ. ಬೀಗರು ಬಂದು ನೋಡ್ಯಾರು. ಬುಡಕ್ಕ ಅಣಬಿ ಎದ್ದಿದ್ದುವು, ರೊಟ್ಟಿ ಹಂಚಿನಷ್ಟು. ಕುರಪಿ ತಗೊಂಡು ಕೆತ್ತಿಸಿ ಒಗಸೇವಿ."

ನಾನು ಮರದ ಬುಡ ನೋಡಿದೆ. "ಈ ವರ್ಷ ಅಷ್ಟ ಬಂದಾವೇನ್ರಿ?"

"ಎಲ್ಲಿದಬೇ? ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಬರತಾವ. ಮಳಿ ಮುಗದ ಮ್ಯಾಲ ಕೆತ್ತೂದು, ಮತ್ತ ಬರೂದು."

ನಾನು ಹಗ್ಗ ಬಿಗಿ ಹಿಡಿದು ಕೂಗಿದೆ: "ಕೆಳಗ ಬರ್ರಿ!"

"ಯಾಕ, ಚಾ ಬಂತೇನು?"

"ಚಾ ಅಲ್ಲ. ಬುಡಕ್ಕ ಅಣಬಿ ಇದ್ದುವಂತ. ಕೆತ್ತಿ ಸುಣ್ಣಾ ಬಳದಾರ."

ಗರಗಸದ ಸದ್ದು ನಿಂತಿತು. "ಅರ್ಧಾ ಕೊಯ್ದೀನಲ್ಲಬೇ. ಈಗ ಹೇಳ್ತಿ?"

"ಈಗ ಕೇಳೀನಿ, ಈಗ ಹೇಳೀನಿ. ಇಳೀರಿ."

ಅವರು ಇನ್ನೆರಡು ಸಲ ಗರಗಸ ಎಳೆದರು. ಮುಂದೆ ಸರಿಯಲು ಹಗ್ಗ ಬೇಕಿತ್ತು. ನಾನು ಬಿಡಲಿಲ್ಲ. ಕೊನೆಗೆ ಗೊಣಗುತ್ತ ಇಳಿದರು. ಅವರ ಕಾಲು ನೆಲ ಮುಟ್ಟುವ ತನಕ ನಾನು ಕಾಂಡದ ಸುಣ್ಣವನ್ನೇ ನೋಡುತ್ತಿದ್ದೆ, ಎಲ್ಲಾದರೂ ಬಿರುಕು ಬಿಡುತ್ತದೆಯೋ ಎಂದು.

ಗೌಡರು ಬಂದರು. "ಎಲಿ ನೋಡವ್ವ, ಹೆಂಗ ಹಸರ ಐತಿ. ಹಸರ ಮರ ಎಲ್ಲೆರ ಬೀಳತೈತೇನು?"

ಯಜಮಾನರು ಒಂದು ಹಾರೆ ಕೇಳಿ ಪಡೆದರು. ಕಟ್ಟೆಯ ಮಣ್ಣನ್ನು ಕೈಯಿಂದ ಸರಿಸಿ, ಕಾಂಡ ಮಣ್ಣೊಳಗೆ ಇಳಿಯುವ ಜಾಗದಲ್ಲಿ ಚುಚ್ಚಿದರು. ಹಾರೆ ನಿಲ್ಲಲಿಲ್ಲ. ಒಳಗೆ ಹೋಗುತ್ತಲೇ ಇತ್ತು. ಹೊರಗೆಳೆದಾಗ ತುದಿಗೆ ಒದ್ದೆಯ ಕರಿ ಹುಡಿ ಮೆತ್ತಿಕೊಂಡಿತ್ತು, ಸೋಸಿದ ಚಹಾದ ಚರಟದಂತೆ. ಗೌಡರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಇಷ್ಟಾದ ಮೇಲೆ ಮಾತು ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಅರ್ಧ ಕೊಯ್ದ ಟೊಂಗೆ ಮಾಳಿಗೆಯ ಮೇಲೆ ತೂಗುತ್ತಿತ್ತು, ಗಾಳಿ ಬಂದಾಗಲೆಲ್ಲ ಕಿರ್ ಎನ್ನುತ್ತಿತ್ತು. ಯಜಮಾನರು ಅದನ್ನೇ ನೋಡುತ್ತ ಮತ್ತೆ ಸೊಂಟಕ್ಕೆ ಹಗ್ಗ ಸುತ್ತತೊಡಗಿದರು.

"ಎಲ್ಲಿಗಿ?" ಎಂದೆ.

"ನಾ ಕೊಯ್ದದ್ದು ನಾನ ಮುಗಸಬೇಕು. ಲಗೂನ ಏರಿ ಲಗೂನ ಇಳೀತೀನಿ."

"ನಾ ಹಗ್ಗ ಹಿಡಿಯೂದಿಲ್ಲ."

ಅಂಗಳದಲ್ಲಿ ಅಷ್ಟರಲ್ಲಿ ಜನ ಸೇರಿದ್ದರು. ಗೌಡರ ತಮ್ಮ ತೋಳು ಏರಿಸಿ ಮುಂದೆ ಬಂದರು. "ನಾ ಹಿಡೀತೀನಿ ಬರ್ರಿ ಸಾಬ್ರ. ಎತ್ತ ಹಿಡದ ಕೈ ಐತಿ."

ಯಜಮಾನರು ಅವರ ಕೈ ನೋಡಿದರು, ನನ್ನ ಮುಖ ನೋಡಲಿಲ್ಲ. ನಿಜವಾಗಿಯೂ ಕೊಟ್ಟುಬಿಡುತ್ತಾರೆ ಎನ್ನಿಸಿತು. ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟುಬಂದ ಇಬ್ಬರು ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಏನು ಮಾಡಬೇಕೆಂದು ತಿಳಿಯದೆ, ನೆಲದ ಮೇಲಿದ್ದ ಹಗ್ಗದ ಸುರುಳಿಯ ಮೇಲೆ ಕಾಲು ಮಡಚಿ ಕುಳಿತುಬಿಟ್ಟೆ.

"ಸಾಬ್ರ, ಕೋಳಿ ಕಾವಿಗೆ ಕುಂತಂಗ ಕುಂತಾರಲ್ಲರೀ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಏಳಬೇ. ಮಂದಿ ನಗಾಕತ್ಯಾರ" ಎಂದರು ಯಜಮಾನರು.

"ನಗೂ ಮಂದಿ ನಾಳೆ ಮಣ್ಣಿಗೂ ಬರತಾರ. ನಾ ಏಳೂದಿಲ್ಲ."

ನಗು ನಿಂತಿತು. ಗಂಡನಿಗೆ ಹತ್ತು ಜನರ ಎದುರು ಹಾಗೆ ನಾನು ಎಂದೂ ಅಂದವಳಲ್ಲ. ಅವರು ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ನನ್ನ ಮುಂದೆ ಎಸೆದು, ಕಟ್ಟೆಯಿಂದ ದೂರ ಹೋಗಿ ನಿಂತರು.

ಆಗ ನಾನು ಎದ್ದು ಗೌಡರಿಗೆ ಹೇಳಿದೆ: ಮನೆಯವರೆಲ್ಲ ಹೊರಗೆ ಬರಲಿ, ದನ ಬಿಚ್ಚಲಿ, ಟೊಂಗೆಗೆ ಕಟ್ಟಿದ ಹಗ್ಗಕ್ಕೆ ಬಾವಿಯ ಹಗ್ಗ ಜೋಡಿಸಿ ಓಣಿಯ ಆಚೆಯಿಂದ ಎತ್ತು ಹೂಡಿ ಎಳೆಯಲಿ. ಟೊಂಗೆ ಮಾಳಿಗೆ ಬಿಟ್ಟು ಅಂಗಳಕ್ಕೆ ಬೀಳುತ್ತದೆ. ಗೌಡರು ಹೆಂಡತಿಯ ಮುಖ ನೋಡಿದರು. ಆಕೆ ಆಗಲಿ ಎಂಬಂತೆ ತಲೆಯಾಡಿಸಿದರು. ಒಳಗೆ ಮಲಗಿದ್ದ ಮನೆಯ ಅಜ್ಜಿಯನ್ನು ಹೊರಸಿನ ಸಮೇತ ಹೊತ್ತು ತಂದರು. ಮದುವಣಗಿತ್ತಿ ಅರಿಸಿನದ ಕೈಯಲ್ಲೇ ಓಡಿಬಂದಳು.

ಎರಡು ಜೋಡಿ ಎತ್ತು ಹೂಡಿದರು. ಹಗ್ಗ ನೆಲ ಬಿಟ್ಟು ಮೇಲೆದ್ದು ಬಿಗಿಯಿತು. ಎಲ್ಲರ ಕಣ್ಣೂ ಟೊಂಗೆಯ ಗಾಯದ ಮೇಲೆ. ಅದು ಮುರಿಯಲಿಲ್ಲ. ಬಾರುಕೋಲು ಬೀಸಿ ಇನ್ನೊಮ್ಮೆ ಎಳೆಸಿದರು. ಆಗಲೂ ಟೊಂಗೆ ಹಿಡಿದೇ ಇತ್ತು. ಬುಡದಲ್ಲಿ, ಆ ಬಿಳಿ ಸುಣ್ಣದ ಕೆಳಗೆ, ಹಳೆಯ ಬಟ್ಟೆ ಹರಿದಂಥ ಸದ್ದಾಯಿತು. ಇಡೀ ಮರ ಬಾಗಿತು. ಅವಸರವಿಲ್ಲದೆ ಬಾಗಿ, ಕಟ್ಟೆಯ ಕಲ್ಲುಗಳನ್ನು ಉರುಳಿಸಿಕೊಂಡು ಅಂಗಳದ ಉದ್ದಕ್ಕೂ ಬಿದ್ದಿತು. ಎತ್ತುಗಳು ಬೆದರಿ, ಹಗ್ಗ ಹರಿದುಕೊಂಡು ನೊಗದೊಂದಿಗೇ ಓಡಿದವು. ಗೌಡರ ತಮ್ಮ ಅವುಗಳ ಹಿಂದೆ ಓಡಿದರು.

ಧೂಳು ಇಳಿದ ಮೇಲೆ ಗೌಡರ ಹೆಂಡತಿ ಬುಡದ ಹತ್ತಿರ ಹೋಗಿ ನಿಂತು ಅತ್ತರು. ಮದುವೆಯ ಮನೆಯಲ್ಲಿ ಬೇವು ಬಿತ್ತು ಎಂದು ಅತ್ತರೋ, ವರ್ಷ ವರ್ಷ ತಾವೇ ಕೆತ್ತಿಸಿದ್ದು ನೆನೆದು ಅತ್ತರೋ, ನಾನು ಕೇಳಲಿಲ್ಲ. ಮುರಿದ ಬುಡದೊಳಗೆ ಕೈ ಹಾಕಿದರೆ ಕಟ್ಟಿಗೆಯೇ ಸಿಗುತ್ತಿರಲಿಲ್ಲ.

ಯಜಮಾನರು ತಾವು ಕೂತಿದ್ದ ಕವಲಿನ ಹತ್ತಿರ ಹೋದರು. ಅದು ಈಗ ನೆಲದ ಮೇಲಿತ್ತು, ಮಾಳಿಗೆಯ ಮೆಟ್ಟಿಲಿಗೆ ತಗುಲಿ ಚೂರಾಗಿತ್ತು. ಅದನ್ನು ಕಾಲಿನಿಂದ ಒಮ್ಮೆ ಮುಟ್ಟಿದರು. ಅವಸರದಲ್ಲಿ ದೊಡ್ಡ ಗರಗಸ ತೆಗೆದು, "ಹಾದಿ ಬಿಡಸಬೇಕಲ್ಲ, ಬಾ" ಎಂದರು.

ಎರಡು ಹಿಡಿಯ ಗರಗಸ ಅದು, ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು. ಎಷ್ಟೋ ಮರ ಹಾಗೆ ಕೊಯ್ದಿದ್ದೆವು. ಆ ಮಧ್ಯಾಹ್ನ ಒಂದೂ ಎಳೆತ ಕೂಡಿಬರಲಿಲ್ಲ. ಅವರು ಎಳೆದಾಗ ನಾನೂ ಎಳೆಯುತ್ತಿದ್ದೆ, ಬಿಟ್ಟಾಗ ನಾನೂ ಬಿಡುತ್ತಿದ್ದೆ. ಹಲ್ಲು ಕಟ್ಟಿಗೆಯಲ್ಲಿ ಸಿಕ್ಕಿ ಸಿಕ್ಕಿ ನಿಲ್ಲುತ್ತಿತ್ತು.

"ಸಾವಕಾಶ ಎಳೀರಿ" ಎಂದೆ.

"ನೀನೂ ಬಿಡಬೇ ಒಂದಿಷ್ಟು" ಎಂದರು.

ವಿಜಾಪುರದ ಬಸ್ಸಿಗೆ ಹೊತ್ತಾಗಿದೆ ಎಂದು ಗೌಡರು ಬಂದು ಹೇಳುವ ತನಕ ಹಾಗೆಯೇ ಕೊಯ್ಯುತ್ತಿದ್ದೆವು.