ನನ್ನ ತಗಡಿನ ಡಬ್ಬಿ

ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಸಂಜೆ ಗಂಡಸರು ಗಜಲ್ ಕೇಳುತ್ತಿದ್ದರು, ಹೆಂಗಸರು ಚಹಾ ಮಾಡುತ್ತಿದ್ದೆವು. ಹಾಡಿನ ಯಜಮಾನಿಕೆ ನನ್ನ ಗಂಡನ ಅಣ್ಣನದು. ಕಾಲೇಜಿನಲ್ಲಿ ಪಾಠ ಮಾಡುವ ಈ ಭಾವ ದುಡ್ಡು ಸುರಿದು, ಹಾಡಿನ ದನಿ ಏರಿಸುವ ಹಳೇ ನಮೂನೆಯ ವಾಲ್ವ್ ಆಂಪ್ಲಿಫೈಯರ್ ತರಿಸಿದ್ದರು. ಅದರ ಮೇಲೆ ಸಾಲಾಗಿ ನಿಂತ ಗಾಜಿನ ವಾಲ್ವ್‌ಗಳು ಬಿಸಿಯೇರಿದಂತೆ ಕೆಂಪಗೆ ಹೊಳೆಯುತ್ತಿದ್ದವು. ಹಾಡು ಹಚ್ಚುವ ಅರ್ಧ ಗಂಟೆ ಮೊದಲೇ ಅದನ್ನು ಚಾಲೂ ಮಾಡಿ ಕಾಯಿಸಬೇಕು ಎಂಬುದು ಅವರ ನೇಮ. ಹಾಲು ಕಾಯಿಸುವವಳೇ ಅದನ್ನೂ ಕಾಯಿಸಲಿ ಎಂದು ಆ ಕೆಲಸ ನನಗೆ ಬಿತ್ತು.

ನನಗೂ ಹಾಡಿನ ಹುಚ್ಚು. ಸಂತಪುರದ ಶಾಲೆಯಲ್ಲಿ ವಿಜ್ಞಾನ ಕಲಿಸಿ, ಬಸ್ಸಿನಲ್ಲಿ ನಿಂತೇ ಮನೆಗೆ ಬಂದರೆ ಅಡುಗೆಗೆ ಇಳಿಯುವ ಮುಂಚೆ ಸಿಗುವುದು ಹತ್ತು ಹದಿನೈದು ನಿಮಿಷ. ವಾಲ್ವ್ ಕಾಯುವುದರೊಳಗೆ ಅದು ಮುಗಿದೇ ಹೋಗುತ್ತದೆ. ಅದಕ್ಕೇ ಗುಂಡಿ ಒತ್ತಿದ ಕೂಡಲೇ ಹಾಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದನ್ನು ನನ್ನ ಪಗಾರದಲ್ಲಿ ತಂದೆ. ಭಾವ ಗೆಳೆಯರ ಮುಂದೆಯೇ ಅದನ್ನು ಬೆರಳಿನಿಂದ ಬಡಿದು ನೋಡಿದರು.

“ತಗಡಿನ ಡಬ್ಬಿ ಅದ. ಔರಾದ ಬಸ್‌ಸ್ಟ್ಯಾಂಡಿನ ಮೈಕಿಗೂ ಇದಕ್ಕೂ ಏನು ಫರಕ್? ಆ ಕಡಿಯವರ ಕಿವಿಗಿ ಇಷ್ಟೇ ಸಾಕು.”

ಔರಾದ ನನ್ನ ತವರು. ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಭಾವ ಡಬ್ಬಿಯನ್ನು ಕಾಲಿನಿಂದ ವಾಲ್ವ್ ಸೆಟ್ ಇಟ್ಟಿದ್ದ ಮೇಜಿನ ಕೆಳಗೆ ತಳ್ಳಿದರು. ಈ ಕಿವಿಯ ಜಂಬ ಇಳಿಸದೆ ಬಿಡುವುದಿಲ್ಲ ಎಂದುಕೊಂಡೆ.

ಮುಂದಿನ ಭಾನುವಾರ ವಾಲ್ವ್ ಸೆಟ್ ಕಾಯಿಸಲು ಹೋದವಳು ಸ್ಪೀಕರಿನ ವೈರನ್ನೂ ಮೊಬೈಲಿಗೆ ಸಿಕ್ಕಿಸುವ ವೈರನ್ನೂ ಅದರಿಂದ ಬಿಚ್ಚಿ, ಕೆಳಗಿದ್ದ ನನ್ನ ಡಬ್ಬಿಗೆ ಜೋಡಿಸಿದೆ. ಮೇಜುಹಾಸನ್ನು ನೆಲದ ತನಕ ಎಳೆದೆ. ಮೇಲೆ ವಾಲ್ವ್‌ಗಳು ಸುಮ್ಮನೆ ಉರಿಯುತ್ತಿದ್ದವು. ದನಿ ಏರಿಸುವುದು ಇಳಿಸುವುದನ್ನು ಭಾವ ಮೊಬೈಲಿನಲ್ಲೇ ಮಾಡುತ್ತಿದ್ದರಿಂದ ಅವರಿಗೆ ಸಂಶಯವೇ ಬರಲಿಲ್ಲ.

ಭಾಲ್ಕಿಯಿಂದ ಬರುತ್ತಿದ್ದ ಅವರ ಗೆಳೆಯರೊಬ್ಬರು ಕಣ್ಣು ಮುಚ್ಚಿ ತಲೆದೂಗಿದರು. “ವಾಲ್ವ್ ಅಂದ್ರ ವಾಲ್ವೇರಿ. ದನಿ ಹ್ಯಾಂಗ ಬೆಚ್ಚಗ ಬರ್ತದ ನೋಡ್ರಿ.”

“ಕೇಳೋ ಕಿವಿ ಬೇಕಲ್ಲರಿ,” ಎಂದರು ಭಾವ.

ಅವತ್ತೇ ಹೇಳಬಹುದಿತ್ತು. ಹೊಗಳಲಿ, ಇನ್ನಷ್ಟು ಹೊಗಳಲಿ ಎಂದು ವಾರ ವಾರವೂ ಹಾಗೇ ವೈರು ಬದಲಿಸುತ್ತ ಹೋದೆ. ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಸೇಡು ಇಷ್ಟು ರುಚಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಗೊಂದು ಭಾನುವಾರ ಚಹಾದ ತಟ್ಟೆ ಇಟ್ಟು, ಗೋಡೆಯ ಹತ್ತಿರ ಹೋಗಿ ವಾಲ್ವ್ ಸೆಟ್ಟಿನ ಸ್ವಿಚ್ ಆರಿಸಿದೆ. ಗಾಜಿನೊಳಗಿನ ಕೆಂಪು ಮೆಲ್ಲಗೆ ಇಳಿದು ಹೋಯಿತು. ಗಜಲ್ ನಿಲ್ಲಲಿಲ್ಲ.

“ಇದೇನ್ರಿ?” ಎಂದರು ಭಾಲ್ಕಿಯವರು.

ಮೇಜುಹಾಸು ಎತ್ತಿ ತೋರಿಸಿದೆ. “ನನ್ನ ಡಬ್ಬಿರಿ. ತಿಂಗಳಾತು, ಇದೇ ಹಾಡ್ಲಿಕ್ಕತ್ತದ.”

ಭಾವನ ಮುಖ ಕಪ್ಪಿಟ್ಟಿತು. ಗೆಳೆಯರು ಚಹಾ ಮುಟ್ಟದೆ ಒಬ್ಬೊಬ್ಬರಾಗಿ ಎದ್ದು ಹೋದರು. ಮಾಫಿ ಕೇಳು ಎಂದು ನನ್ನ ಗಂಡ ವಾರವಿಡೀ ದುಂಬಾಲು ಬಿದ್ದರು. ಆಗುವುದಿಲ್ಲ ಎಂದೆ.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇಷ್ಟು ವರ್ಷ ಅಡುಗೆಮನೆಯ ಬಾಗಿಲಿಂದಲೇ ಹಾಡು ಕೇಳಿದ ಅತ್ತೆಯನ್ನು ಕರೆದು ಭಾವನ ಮೆತ್ತನೆಯ ಕುರ್ಚಿಯಲ್ಲಿ ಕೂಡಿಸಿದೆ. ಪಕ್ಕದಲ್ಲಿ ನಾನು ಕೂತೆ. ಅತ್ತೆ ಸೆರಗು ಸರಿಮಾಡಿಕೊಂಡು, “ಇನ್ನ ಸ್ವಲ್ಪ ದೊಡ್ಡದ ಮಾಡವಾ,” ಎಂದರು.

ಎರಡನೆಯ ಹಾಡಿಗೆ ಭಾವ ಬಾಗಿಲಿಗೆ ಬಂದು ನಿಂತರು. ತಾಯಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ.

“ಚಾ ಆಗ್ತದೇನು?”

“ಒಲಿ ಖಾಲಿನೇ ಅದರಿ ಭಾವ,” ಎಂದೆ, ಕೂತಲ್ಲಿಂದ ಏಳದೆ. “ನಮಗೂ ಎರಡು ಕಪ್ ಇಡ್ರಿ.”