ಕಾಣದ ಕ್ರಿಮಿ, ಮೋನಪ್ಪನ ದೇವರು

ಸಂಗಪ್ಪ ವಿಜಾಪುರದ ಕಡೆಯವ. ಕುರ್ಲಾದ ಗಿರಣಿಯಲ್ಲಿ ಪಟ್ಟಾ ಹೊಲಿಯುವ ಕೆಲಸ. ಎಂಜಿನ್ನು ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಚರ್ಮದ ಪಟ್ಟಾವನ್ನು, ಪಟ್ಟಾ ಮಗ್ಗವನ್ನು. ಆ ಪಟ್ಟಾ ಹರಿದಾಗ ಹೊಲಿಯುವುದರಲ್ಲೇ ಅವನ ಹರೆಯ ಸವೆದಿತ್ತು. ಯೂನಿಯನ್ನಿನಲ್ಲಿ ನಮ್ಮ ಜೊತೆ ಲಾಠಿ ತಿಂದವ. ಯಾರಾದರೂ ದೇವರ ಮಾತೆತ್ತಿದರೆ ಕೋಳಿಯ ಕುತ್ತಿಗೆ ಹಿಡಿದಂತೆ ಹಿಡಿಯುತ್ತಿದ್ದ.

ವಾದದ ಜಾಗ ಸ್ಟೇಷನ್ ಪಕ್ಕದ ಹೋಟೆಲು. ಅದರ ಮಾಲೀಕ ಮೋನಪ್ಪ ಉಡುಪಿ ಕಡೆಯವ, ಭಕ್ತ, ಬಾಯಿ ಜೋರು.

“ಮಗ್ಗಕ್ಕೆ ಪಟ್ಟಾ, ಪಟ್ಟಾಕ್ಕೆ ಶಾಫ್ಟು. ಹಿಂದೆ ಹಿಂದೆ ಹೋದರೆ ಎಲ್ಲೋ ಒಂದು ಎಂಜಿನ್ ಉಂಟಲ್ಲ ಮಾರಾಯ? ಲೋಕಕ್ಕೂ ಹಾಗೇ.”

“ಆ ಎಂಜಿನ್ನಿಗೆ ಕಲ್ಲಿದ್ದಲು ಹಾಕಾಂವ ಯಾರಪಾ? ನಿನ್ನ ದೇವರ ಹಿಂದ ಯಾರದಾರ?”

“ಅವನ ಹಿಂದೆ ಯಾರೂ ಇಲ್ಲ.”

“ಹಂಗಾದ್ರ ಲೋಕದ ಹಿಂದೂ ಯಾರೂ ಇಲ್ಲ ಅಂದ್ರಾತು. ನಡುವ ಅವನ್ಯಾಕ ಬೇಕು? ಚಾ ತಾ.”

ನಾವು ನಗುತ್ತಿದ್ದೆವು. ಸೋತರೂ ಮೋನಪ್ಪ ಅರ್ಧ ಕಪ್ಪು ಹೆಚ್ಚಿಗೇ ಸುರಿಯುತ್ತಿದ್ದ.

ಐವತ್ತನಾಲ್ಕನೇ ಇಸವಿಯಲ್ಲಿ ಸಂಗಪ್ಪನ ಹೆಂಡತಿ ರುದ್ರವ್ವನಿಗೆ ಕ್ಷಯ ಅಂಟಿತು. ನಾಲ್ಕು ವರ್ಷದ ಮಗಳು ಚಂಪಾಳನ್ನು ದಾದರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಬಿಟ್ಟು ಬಂದ. ತಿಂಗಳುಗಟ್ಟಲೆ ಇಂಜೆಕ್ಷನ್ ಆದ ಮೇಲೆ ಡಾಕ್ಟರು ಅವಳ ಕಫವನ್ನು ಸೂಕ್ಷ್ಮದರ್ಶಕದಲ್ಲಿ, ನಮ್ಮ ಬಾಯಲ್ಲಿ ದುರ್ಬೀನಿನಲ್ಲಿ, ನೋಡಿ, “ಈ ಸಲ ಕ್ರಿಮಿ ಕಾಣಲಿಲ್ಲ. ಔಷಧ ಬಿಡಬೇಡಿ, ಮತ್ತೆ ಪರೀಕ್ಷೆ ಮಾಡೋಣ” ಎಂದರು.

ಸಂಗಪ್ಪ ಮುಷ್ಕರ ಗೆದ್ದವನ ಹಾಗೆ ಹೋಟೆಲಿಗೆ ನುಗ್ಗಿದ. “ದುರ್ಬೀನ್ಯಾಗ ಒಂದೂ ಇಲ್ಲ! ನಾಳೆ ಚಂಪಾನ್ನ ಕರಕೊಂಡ ಬರ್ತೀನಿ.”

ಮೋನಪ್ಪ ಮೇಜು ಒರೆಸುವುದನ್ನು ನಿಲ್ಲಿಸಿದ. “ಬೇಡ ಮಾರಾಯ, ಇನ್ನೊಂದು ಪರೀಕ್ಷೆ ಆಗಲಿ. ಕಾಣಲಿಲ್ಲ ಅಂದ್ರೆ ಕಾಣಲಿಲ್ಲ ಅಂತ ಮಾತ್ರ. ಇಲ್ಲ ಅಂತ ಅಲ್ಲ.”

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಸಂಗಪ್ಪ ಕೇಳುತ್ತಿದ್ದನೋ ಏನೋ. ಮೋನಪ್ಪನ ನಾಲಿಗೆ ನಿಲ್ಲಲಿಲ್ಲ. “ದೇವರ ವಿಷಯದಲ್ಲೂ ನಾನು ಹೇಳುವುದು ಇದನ್ನೇ.”

ಸಂಗಪ್ಪನ ಮುಖ ಬಿಗಿಯಿತು. “ಭಲೇ! ನನ್ನ ಹೇಣ್ತಿ ಎದ್ಯಾಗ ನಿನ್ನ ದೇವರಿಗೆ ಖೋಲಿ ಹುಡುಕಾಕ ಹತ್ತೀಯೇನು?”

ಎಲ್ಲರೂ ನಕ್ಕರು. ಆ ಮಾತು ಒಪ್ಪಿದರೆ ಕ್ರಿಮಿಯ ಬೆನ್ನಿಗೇ ದೇವರನ್ನೂ ಒಳಗೆ ಬಿಡಬೇಕಾದೀತೆಂದು ಸಂಗಪ್ಪ ಹಟ ಹಿಡಿದ. ದುರ್ಬೀನು ಹೇಳಿದ್ದು ಈ ಸಲ ಕಾಣಲಿಲ್ಲ ಎಂದಷ್ಟೇ. ಮಿಕ್ಕದ್ದನ್ನು ಸೇರಿಸಿದವ ಸಂಗಪ್ಪ.

ಮಗು ಬಂತು. ಚಾಳಿನ ಗಾಳಿಯಿಲ್ಲದ ಖೋಲಿಯಲ್ಲಿ ತಾಯಿಯ ಮಗ್ಗುಲಲ್ಲೇ ಮಲಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ರುದ್ರವ್ವ ರಕ್ತ ಕಾರಿ ಆಸ್ಪತ್ರೆ ಸೇರಿದಳು. ಹಿಂದೆಯೇ ಚಂಪಾಳಿಗೆ ಜ್ವರ. ಕುತ್ತಿಗೆ ಸೆಟೆಯಿತು, ಕಣ್ಣು ಮೇಲಾಯಿತು. ಕ್ಷಯ ಮಿದುಳಿಗೆ ಏರಿದೆ ಎಂದರು. ಮಗು ಉಳಿಯಲಿಲ್ಲ.

ಮಣ್ಣು ಮಾಡುವಾಗ ಅಕ್ಕನ ಗಂಡ ಜಂಗಮರನ್ನು ಕರೆತಂದಿದ್ದ. ಸಂಗಪ್ಪ ಎಗರುತ್ತಾನೆಂದು ನಾವು ಕಾದೆವು. ಅವನು ಅವರು ಕೊಟ್ಟ ಲಿಂಗವನ್ನು ಮಗುವಿನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ನಂಬಿ ಇಟ್ಟನೆಂದು ನಾನು ಹೇಳಲಾರೆ.

ದೇವರನ್ನು ಬೈದದ್ದಕ್ಕೆ ಶಿಕ್ಷೆ ಎಂದು ಹೋಟೆಲಿನಲ್ಲಿ ಒಬ್ಬ ಬೊಗಳಿದ. ಮೋನಪ್ಪ ಅವನ ಮುಂದಿನ ಕಪ್ಪು ಎತ್ತಿಕೊಂಡ. “ಮಗುವನ್ನು ಕೊಲ್ಲುವವನಿಗೆ ನಾನು ದೇವರು ಅನ್ನುವುದಿಲ್ಲ. ಏಳು, ನಿನಗೆ ಚಾ ಇಲ್ಲ.”

ಆಘಾತವಾದರೆ ರುದ್ರವ್ವ ತಡೆಯಲಾರಳು, ಮಗುವಿನ ಸುದ್ದಿ ಈಗಲೇ ಹೇಳಬೇಡಿ ಎಂದಿದ್ದರು ಡಾಕ್ಟರು. ಆ ಭಾನುವಾರ ಸಂಗಪ್ಪನ ಜೊತೆ ನಾನೂ ವಾರ್ಡಿಗೆ ಹೋಗಿದ್ದೆ. ಎಲುಬಿನ ಗೂಡಾಗಿದ್ದಳು.

“ಚಂಪಾ ಎಲ್ಲಿ?”

“ದಾದರಿನ್ಯಾಗ. ಅಕ್ಕನ ಮನ್ಯಾಗ.”

“ಛಲೋ ಆತು. ನಾ ಅತ್ತು ಕರದ್ರೂ ಇಲ್ಲಿ ತರಬ್ಯಾಡ್ರಿ ಮತ್ತ.” ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಕಣ್ಣಿಗೆ ಕಾಣದಿದ್ರ ಏನಾತು? ಅದಾಳಲ್ಲ, ಅಷ್ಟ ಸಾಕು.”

ಪುರಾವೆ ಇಲ್ಲದ ಒಂದು ಮಾತನ್ನೂ ಬಾಯಿಗೆ ತಾರದಿದ್ದ ಮನುಷ್ಯ ಮಂಚದ ಕಬ್ಬಿಣ ಹಿಡಿದು ನಿಂತಿದ್ದ.

“ಹೂಂ,” ಅಂದ. “ಅದಾಳ.”