ಜೋಗಿ ನುಡಿಸದೆ ದಾಟಿದ ಮನೆ

ಬೀದಿಯಲ್ಲಿ ಹಾಡಿಕೊಂಡು ಬರುವವರು ಕಿವಿಗೆ ಹಬ್ಬವೋ ಪೀಡೆಯೋ ಎಂದು ಯಾರಾದರೂ ವಾದ ತೆಗೆದರೆ ನಾನು ಎದ್ದು ಒಳಗೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ಆ ವಾದ ಒಮ್ಮೆ ನಡೆದದ್ದು ಸಾಕು.

ಆಗ ಬಳ್ಳಾರಿಯ ನಮ್ಮ ಬೀದಿಗೆ ಶಹನಾಯಿಯವರು, ದಫ್ ಬಡಿಯುವ ಫಕೀರರು ಎಲ್ಲರೂ ಬರುತ್ತಿದ್ದರು. ನನಗೆ ಎಲ್ಲರೂ ಬೇಕು. ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರಿಗೆ ಯಾರೂ ಬೇಡ. ಅದರಲ್ಲೂ ಮಧ್ಯಾಹ್ನ ಮನೆಮನೆಯ ಮುಂದೆ ನಿಂತು ಕಿನ್ನರಿ ನುಡಿಸುವ ಮುದುಕ ಜೋಗಿಯನ್ನು ಕಂಡರೆ ಅವರಿಗೆ ತಲೆ ಸಿಡಿಯುತ್ತಿತ್ತು. ಹಾಸಿಗೆ ಹಿಡಿದ ಅವ್ವನಿಗೆ ನಿದ್ದೆಗೇಡು ಎಂಬುದು ಅವರ ನೆಪ. ಅವ್ವ ಎಂದರೆ ನನ್ನ ಅತ್ತೆ. ಕಣ್ಣಿಗೆ ಪೊರೆ ಬಂದು ಏನೂ ಕಾಣದೆ, ಬೀದಿ ಕಡೆಯ ಕೋಣೆಯಲ್ಲಿ ಮಲಗಿ ಸದ್ದಿನಿಂದಲೇ ಊರು ನೋಡುತ್ತಿದ್ದರು. ನಿದ್ದೆ ಬೇಕಾಗಿದ್ದದ್ದು ಬೇಸಿಗೆಯ ಬೆಳಗಿನ ಕಚೇರಿ ಮುಗಿಸಿ ಬಂದು ಮಲಗುವ ಮಗರಾಯರಿಗೆ.

ಸೂತಕದ ಮನೆಯ ಮುಂದೆ ಜೋಗಿ ನುಡಿಸುವುದಿಲ್ಲ. ಅಂಗಳ ಸಾರಿಸದೆ, ರಂಗೋಲಿ ಇಲ್ಲದೆ ಬಣಗುಟ್ಟುತ್ತಿದ್ದರೆ ಸಾವಾಗಿದೆ ಎಂದು ತಿಳಿದು ತಂತಿಯ ಮೇಲೆ ಅಂಗೈ ಇಟ್ಟು ದಾಟುತ್ತಾನೆ. ನಮ್ಮವರು ಈ ಸಂಪ್ರದಾಯವನ್ನೇ ಉಪಾಯ ಮಾಡಿಕೊಂಡರು. ಇನ್ನು ಮೇಲೆ ರಂಗೋಲಿ ಹಾಕಬೇಡ ಎಂದು ನನಗೆ ಅಪ್ಪಣೆಯಾಯಿತು. ಕಚೇರಿಯ ಬುದ್ಧಿ ಮನೆಗೆ ತರಬೇಡಿ ಎಂದೆ. ನನ್ನ ಮಾತಿಗೆ ಎಲ್ಲಿಯ ಬೆಲೆ?

ಮರುದಿನ ಗುಡ್ಡದ ಬಂಡೆಗಳು ಕಾದು ಬೀದಿಯಲ್ಲಿ ನಾಯಿಯೂ ಓಡಾಡದ ಹೊತ್ತಿಗೆ ಜೋಗಿ ಬಂದ. ಪಕ್ಕದ ಮನೆಯ ಮುಂದೆ ನುಡಿಸಿದ. ನಮ್ಮ ಬಾಗಿಲಿಗೆ ಬಂದಾಗ ಸದ್ದು ಕತ್ತರಿಸಿದ ಹಾಗೆ ನಿಂತಿತು. ಅವನ ಕಾಲಗೆಜ್ಜೆ ಮಾತ್ರ ಮೆಲ್ಲಗೆ ದಾಟಿತು. ಆಚೆ ಮನೆಯ ಮುಂದೆ ಕಿನ್ನರಿ ಮತ್ತೆ ಎದ್ದಿತು. ಗೊತ್ತಿದ್ದೂ ನಾನು ಮಕ್ಕಳನ್ನು ಒಮ್ಮೆ ಎಣಿಸಿದೆ.

ಕೋಣೆಯೊಳಗಿಂದ ಅವ್ವ ಕರೆದರು.

"ಯಾರು ಹೋದ್ರು ಮನಿಯಾಗ? ನನ್ನಿಂದ ಮುಚ್ಚಿಡಬ್ಯಾಡ್ರಿ."

ಯಾರೂ ಇಲ್ಲ ಎಂದರೆ ನಂಬಲಿಲ್ಲ. ನಮ್ಮ ಮಕ್ಕಳ ಮುಖವನ್ನೆಲ್ಲ ತಡವಿ ನೋಡಿದರು. ಹಿರಿಮಗನಾದ ನನ್ನ ಗಂಡನ ಕೈ ಹಿಡಿದು ನೋಡಿದರು. ಕುರುಗೋಡಿನಲ್ಲಿದ್ದ ಕಿರಿಮಗನಿಗೆ ಹೇಳಿಕಳಿಸಿದೆವು. ಅವನು ಗಾಡಿ ಕಟ್ಟಿಕೊಂಡು ಬಂದು ಎದುರಿಗೆ ಕೂತ. ಅವನ ತಲೆಯನ್ನೂ ಸವರಿದ ಮೇಲೆ ಅವ್ವ ಸಮಾಧಾನದಿಂದ ಒಂದು ಮಾತು ಆಡಿದರು.

"ಎಲ್ಲಾರೂ ಅದೀರಿ. ಹಂಗಾದ್ರ ಹೋದಾಕಿ ನಾನ."

ಅಂದಿನಿಂದ ಗಂಜಿ ಮುಟ್ಟಲಿಲ್ಲ. ಬಟ್ಟಲು ತುಟಿಗೆ ಹಿಡಿದರೆ, ಹೊರಗೆ ಎಡೆ ಇಡು, ಕಾಗೆ ಬರಲಿ ಎನ್ನುತ್ತಿದ್ದರು. ನನ್ನ ಗಂಡ ಕಾಲು ಹಿಡಿದು ರಂಗೋಲಿಯ ಉಪಾಯವನ್ನೆಲ್ಲ ಬಿಡಿಸಿ ಹೇಳಿದರು. ಸತ್ತವರು ಹೆದರಬಾರದೆಂದು ಬದುಕಿದ್ದವರು ಹೀಗೆ ಸುಳ್ಳು ಹೇಳುತ್ತಾರೆ ಎಂದು ಅವ್ವ ನಕ್ಕರು. ಆ ನಗು ಕೇಳಿ ನನಗೆ ಅವರ ಕೋಣೆಗೆ ಒಬ್ಬಳೇ ಹೋಗಲು ಭಯವಾಗತೊಡಗಿತು. ನಾನು ಬಳಿ ಕೂತಿರುವಾಗಲೇ ಸಿರುಗುಪ್ಪದ ತಮ್ಮ ತವರಿನವರ ಜೊತೆ ಮಾತಾಡುತ್ತಿದ್ದರು. ಅವರಲ್ಲಿ ಒಬ್ಬರೂ ಬದುಕಿರಲಿಲ್ಲ.

ಜೋಗಿ ನುಡಿಸಿದರೆ ಅವ್ವ ತಾನು ಬದುಕಿದ್ದೇನೆಂದು ನಂಬುತ್ತಾಳೆ, ಗಂಜಿ ಕುಡಿಯುತ್ತಾಳೆ ಎಂದು ನಮ್ಮವರಿಗೆ ಹೊಳೆಯಿತು. ಅಷ್ಟರಲ್ಲಿ ಅವನು ನಮ್ಮ ಬೀದಿ ಬಿಟ್ಟು ಹಳ್ಳಿಗಳ ಕಡೆ ಹೋಗಿದ್ದ. ಕಚೇರಿಗೆ ಎಂದೂ ರಜೆ ಹಾಕದ ಮನುಷ್ಯ ಮೋಕಾದಲ್ಲಿ ಹುಡುಕಿ, ಬಾದನಹಟ್ಟಿಯಲ್ಲಿ ಹುಡುಕಿ, ಅಲ್ಲಿಂದ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ನಾನು ಅಂಗಳ ಸಾರಿಸಿ ಬೀದಿಯ ತನಕ ರಂಗೋಲಿ ಎಳೆದೆ. ಜೋಗಿ ಅದನ್ನು ನೋಡಿದ, ನಮ್ಮನ್ನು ನೋಡಿದ, ಕಟ್ಟೆಯ ಮೇಲೆ ಕೂತು ಶುರು ಮಾಡಿದ.

ಅವ್ವನ ಮುಖ ಅರಳಿತು. ನಾನು ಗಂಜಿಯ ಬಟ್ಟಲು ತೆಗೆದುಕೊಂಡೆ. ನಮ್ಮವರು ಹಾಸಿಗೆಯ ಪಕ್ಕ ಬಗ್ಗಿ, ಕೇಳಿಸಿತೇನವ್ವ, ನಮ್ಮ ಬಾಗಿಲಲ್ಲೇ ನುಡಿಸುತ್ತಿದ್ದಾನೆ ಎಂದರು.

"ಕೇಳ್ಸೇತಪ್ಪಾ," ಎಂದರು ಅವ್ವ. "ನನ್ನ ಸೂತಕ ಕಳೀತು. ಇನ್ನ ನಾ ಹೊಂಡ್ತೀನಿ."

ಗೋಡೆಯ ಕಡೆ ಮಗ್ಗುಲಾದರು. ಆಮೇಲೆ ಉಸಿರಿನ ಸದ್ದು ಕೇಳಲಿಲ್ಲ. ಹೊರಗೆ ಜೋಗಿ ಇನ್ನೂ ನುಡಿಸುತ್ತಲೇ ಇದ್ದ. ಹೋಗಿ ಸಾಕು ಎನ್ನಲು ನನ್ನ ಗಂಡನಿಗೆ ಬಾಯಿ ಬರಲಿಲ್ಲ.